ಫೋನ್ ಮಾಡು ಪುಟ್ಟಿ

ನ್ಯೂಜೆರ್ಸಿ, ಮೇ 2024

ಪ್ರೀತಿಯ ಪುಟ್ಟಿ,

ಅಪ್ಪನ ಕಾಯಿಲೆಗೆ ಸಂಬಂಧಿಸಿದ ಮಸೂದೆಯನ್ನು ಬೆಂಬಲಿಸಿ ಅಂತ "ಸೆನೆಟರ್ ಆಫೀಸಿಗೆ ನಾನೊಬ್ಬಳು ಫೋನ್ ಮಾಡಿದರೆ ಏನಾಗುತ್ತಮ್ಮಾ?" ಎಂದು ಕೇಳಿದೆಯಲ್ಲ. ಅಪ್ಪ ಪಕ್ಕದಲ್ಲೇ ಇದ್ದರು, ಎಲ್ಲ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗಿರುವ ಎಎಲ್‌ಎಸ್, ಅಂದರೆ ಸ್ನಾಯುಗಳನ್ನು ಆಡಿಸುವ ನರಗಳು ಸಾಯುತ್ತಾ ಹೋಗುವ ರೋಗ, ಒಬ್ಬ ಡಾಕ್ಟರ್ ನೋಡಿಕೊಳ್ಳುವ ಕಾಯಿಲೆಯಲ್ಲ. ಕೈಕಾಲು, ಮಾತು, ನುಂಗುವುದು, ಉಸಿರು, ಒಂದೊಂದಾಗಿ ಸೋಲುತ್ತಾ ಹೋಗುತ್ತವೆ. ಅಪ್ಪನ ಕ್ಲಿನಿಕ್ಕಿನಲ್ಲಿ ನೀನೇ ನೋಡಿದ್ದೀಯ, ಅವರು ಕೋಣೆ ಬಿಟ್ಟು ಕದಲಬೇಕಿಲ್ಲ. ನ್ಯೂರಾಲಜಿಸ್ಟ್ ಹೋದ ಮೇಲೆ ಉಸಿರಾಟ ಅಳೆಯುವವರು ಬರುತ್ತಾರೆ. ಆಮೇಲೆ ಸ್ಪೀಚ್ ಥೆರಪಿಸ್ಟ್, ಡಯಟೀಷಿಯನ್, ಫಿಸಿಯೋ, ಸೋಷಿಯಲ್ ವರ್ಕರ್. ಸಾರನ್ನ ಗಂಟಲಲ್ಲಿ ಸಿಕ್ಕುತ್ತದೆ ಎಂದು ಅಪ್ಪ ಹೇಳಿದಾಗ ಕ್ಲಿನಿಕ್ಕಿನವರು ಅನ್ನ ಬಿಡಿ ಎನ್ನಲಿಲ್ಲ. ಇನ್ನೂ ಮೆತ್ತಗೆ ಬೇಯಿಸಿ, ಗದ್ದ ತಗ್ಗಿಸಿ ನುಂಗಿ ಎಂದು ಪಕ್ಕದಲ್ಲಿ ಕೂತು ಕಲಿಸಿದರು. ಅಪ್ಪ ಅವತ್ತು ಹೊಟ್ಟೆ ತುಂಬ ಉಂಡರು.

ಈ ಇಡೀ ತಂಡದ ಖರ್ಚಿಗೆ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಕೊಡುವ ಹಣ ಸಾಲುವುದಿಲ್ಲ. ಎಷ್ಟೋ ಕ್ಲಿನಿಕ್‌ಗಳು ದೇಣಿಗೆ ನಂಬಿಕೊಂಡು ನಡೆಯುತ್ತಿವೆ. 2023ರಲ್ಲಿ ಮಂಡಿಸಿದ ಎಎಲ್‌ಎಸ್ ಬೆಟರ್ ಕೇರ್ ಆಕ್ಟ್ ಎಂಬ ಮಸೂದೆ ಕೇಳುತ್ತಿರುವುದು, ಈ ಕೆಲಸಕ್ಕೆಂದೇ ಮೆಡಿಕೇರ್ ಬೇರೆ ಹಣ ಕೊಡಲಿ ಎಂದು. ಈಗಿನ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಅವಧಿ ಜನವರಿ 2025ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಪಾಸಾಗದಿದ್ದರೆ ಮಸೂದೆ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ ಶುರು.

ಹೊಸ ಔಷಧಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಶಿವಮೊಗ್ಗದಿಂದ ಅಜ್ಜಿಯೂ ಪಾಪ ಅದನ್ನೇ ಕೇಳುತ್ತಾರೆ. ಬರಲಿ, ಬೇಗ ಬರಲಿ. ಆದರೆ ಅಪ್ಪ ಇವತ್ತು ಊಟ ಮಾಡಬೇಕು, ಇವತ್ತು ರಾತ್ರಿ ಉಸಿರುಕಟ್ಟದೆ ಮಲಗಬೇಕು. ನನಗೆ ಅದೇ ಜಾಸ್ತಿ ಮುಖ್ಯ.

ಫೋನಿನಿಂದ ಏನಾಗುತ್ತೆ ಅಂದೆಯಲ್ಲ. 65 ತುಂಬದೆ ಕಾಯಿಲೆಯಿಂದ ಕೆಲಸ ಬಿಟ್ಟವರು ಸಾಮಾನ್ಯವಾಗಿ ಸರ್ಕಾರದ ಡಿಸಬಿಲಿಟಿ ಹಣ ಶುರುವಾದ ಮೇಲೂ ಮೆಡಿಕೇರ್‌ಗೆ 24 ತಿಂಗಳು ಕಾಯಬೇಕು. ಎಎಲ್‌ಎಸ್ ಇರುವವರು 2001ರಿಂದ ಕಾಯಬೇಕಿಲ್ಲ. ಡಿಸಬಿಲಿಟಿ ಹಣ ಶುರುವಾಗಲೂ ಮೊದಲು 5 ತಿಂಗಳು ಕಾಯಬೇಕಿತ್ತು, ಎಎಲ್‌ಎಸ್ ಇರುವವರಿಗೆ ಅದನ್ನು ಡಿಸೆಂಬರ್ 2020ರ ಕಾನೂನು ತೆಗೆದುಹಾಕಿತು. ಇವೆಲ್ಲ ಸುಮ್ನೆ ಆಗಲಿಲ್ಲ ಪುಟ್ಟಿ. ರೋಗಿಗಳು ವೀಲ್‌ಚೇರಿನಲ್ಲೇ ವಾಷಿಂಗ್ಟನ್‌ಗೆ ಹೋಗಿ, ಮನೆಯವರು ಬಿಡದೆ ಕೇಳಿ ಕೇಳಿ ಆದದ್ದು. ಅವರ ಮುಖ ನಾವು ನೋಡಿಲ್ಲ, ಆದರೂ ಅಪ್ಪನಿಗೆ ಅದು ಸಿಕ್ಕಿತು.

ಫೋನ್ ಎತ್ತಿದವರಿಗೆ ಹೆಸರು, ಮನೆಯ ಜಿಪ್ ಕೋಡ್, ಮಸೂದೆಯ ಹೆಸರು ಹೇಳು. ದೊಡ್ಡ ಭಾಷಣ ಬೇಡ. ಅಪ್ಪನ ಕ್ಲಿನಿಕ್ಕಿನ ಒಂದು ದಿನ ಹೇಗಿರುತ್ತದೆ ಎಂದು ಹೇಳು. ಪರೀಕ್ಷೆ ಮುಗಿಸಿ ಮಾಡಿದರೂ ಸರಿ, ಆದರೆ ಈ ತಿಂಗಳೇ ಮಾಡು.

ನಿನ್ನ,
ಅಮ್ಮ