ನಂಬರ್ ಪ್ಲೇಟ್‌ಗಳ ಚರಿತ್ರೆ ಉಳಿಯಲಿ

ಮಾನ್ಯ ಸಂಪಾದಕರೇ,

1988ರ ಮೋಟಾರು ವಾಹನ ಕಾಯ್ದೆಯು 1989ರ ಜುಲೈನಲ್ಲಿ ಜಾರಿಗೆ ಬರುವ ಮುನ್ನ ನಮ್ಮ ರಾಜ್ಯದ ವಾಹನಗಳ ಮೇಲೆ ‘ಎಂವೈ’, ‘ಸಿಎ’ಯಂತಹ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಗಳಿರುತ್ತಿದ್ದವು, ಆ ಬಳಿಕ ‘ಕೆಎ’ಯೊಂದಿಗೆ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸೂಚಿಸುವ ಎರಡಂಕಿ ಸೇರಿ, 09 ಎಂದರೆ ಮೈಸೂರು, 19 ಎಂದರೆ ಮಂಗಳೂರು ಎಂದು ರಸ್ತೆಯಲ್ಲೇ ಊರನ್ನು ಗುರುತಿಸುವಂತಾಯಿತು. ಖಾಸಗಿ ವಾಹನಗಳಲ್ಲಿ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರಗಳು ಹೋಗಿ ಬಿಳಿಯ ಮೇಲೆ ಕಪ್ಪು ಅಕ್ಷರಗಳು ಬಂದವು (ಹಳೆಯದರ ಗಾಂಭೀರ್ಯ ಇದಕ್ಕಿಲ್ಲವೆಂಬುದು ನನ್ನ ಅನಿಸಿಕೆ). 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಅತಿ ಸುರಕ್ಷಿತ ನೋಂದಣಿ ಫಲಕದಲ್ಲಿ (ಎಚ್‌ಎಸ್‌ಆರ್‌ಪಿ) ಅಶೋಕ ಚಕ್ರದ ಹಾಲೊಗ್ರಾಂ ಮತ್ತು ಲೇಸರ್‌ನಿಂದ ಕೊರೆದ ಗುರುತಿನ ಸಂಖ್ಯೆ ಇರುತ್ತವೆ. ಹಳೆಯ ವಾಹನಗಳು ಗುಜರಿ ಸೇರುವ ಮೊದಲೇ ಸಾರಿಗೆ ಇಲಾಖೆಯು ಇಂತಹ ಫಲಕಗಳ ಮಾದರಿಗಳನ್ನು ಸಂಗ್ರಹಿಸಿ, ಸಾರ್ವಜನಿಕರ ವೀಕ್ಷಣೆಗೆ ಇರಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಮೈಸೂರು