50ನೇ ಶಾಲೆ ಮುಗಿಯಿತು: ಆಯಿಗೆ ಮತ್ತು ನಿಮಗೆಲ್ಲ ನಮಸ್ಕಾರ

ಹೋದ ಶನಿವಾರ ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನನ್ನ ವಿಮಾನದ ಪಾಠ ಮುಗಿಸಿ ಬಂದೆ. ಅದು 50ನೇ ಶಾಲೆ. ಮನೆಗೆ ಬಂದು ಡೈರಿಯಲ್ಲಿ ಬರೆದುಕೊಂಡ ಮೇಲೆ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಎಷ್ಟು ಜನರ ಋಣ ಇದೆ ನನ್ನ ಮೇಲೆ ಅನ್ನಿಸಿತು. ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ವಾಯುಪಡೆಯಲ್ಲಿ ಇಂಜಿನ್ ಕೆಲಸ ಮಾಡಿ ನಿವೃತ್ತನಾದವನು. ಅಸ್ಸಾಮಿನ ಛಬುವಾದಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ಕೇಳಿದ ಒಂದು ಕಥೆಯನ್ನು ಬೀದರ್ ಜಿಲ್ಲೆಯ ಮಕ್ಕಳಿಗೆ ಹೇಳುತ್ತಾ ತಿರುಗುತ್ತಿದ್ದೇನೆ.

ಕಥೆ ಇದು. ಎರಡನೇ ಮಹಾಯುದ್ಧದ ಹೊತ್ತು, 1942ರಲ್ಲಿ ಜಪಾನ್ ಸೇನೆ ಬರ್ಮಾ ರಸ್ತೆಯನ್ನು ಬಂದ್ ಮಾಡಿತು. ಚೀನಾಕ್ಕೆ ಪೆಟ್ರೋಲ್, ಮದ್ದುಗುಂಡು ಕಳಿಸಲು ಉಳಿದದ್ದು ಆಕಾಶವೊಂದೇ. ಅಸ್ಸಾಮಿನಿಂದ ಎದ್ದ ವಿಮಾನಗಳು ಹಿಮಾಲಯದ ಪೂರ್ವದ ಬೆಟ್ಟಗಳನ್ನು ದಾಟಿ ಚೀನಾದ ಕುನ್ಮಿಂಗ್‌ಗೆ ಹೋಗಿಬರುತ್ತಿದ್ದವು. ಪೈಲಟ್‌ಗಳು ಆ ದಾರಿಗೆ ‘ಹಂಪ್’ ಅಂತ ಹೆಸರಿಟ್ಟರು. ನಮ್ಮ ಎತ್ತಿನ ಡುಬ್ಬ ಇದೆಯಲ್ಲ, ಅದೇ ಅರ್ಥ. ಮೋಡ, ಮಂಜು, ಹುಚ್ಚು ಗಾಳಿ. ಯುದ್ಧ ಮುಗಿಯುವುದರೊಳಗೆ ಸುಮಾರು 600 ವಿಮಾನ ಆ ದಾರಿಯಲ್ಲಿ ನಾಶವಾದವು. ಎಷ್ಟೋ ವಿಮಾನಗಳ ಪತ್ತೆಯೇ ಆಗಲಿಲ್ಲ.

ಅವುಗಳಲ್ಲಿ ಒಂದು ‘ಹಾಟ್ ಆ್ಯಸ್ ಹೆಲ್’ ಎಂಬ ಅಮೆರಿಕದ ಬಾಂಬರ್. ಬಿ-24 ಲಿಬರೇಟರ್, ನಾಲ್ಕು ಇಂಜಿನ್, ಎರಡು ಬಾಲ. 1944ರ ಜನವರಿ 25ರಂದು ಎಂಟು ಜನರನ್ನು ಹೊತ್ತು ಕುನ್ಮಿಂಗ್‌ನಿಂದ ಹೊರಟಿತು. ಮುಟ್ಟಬೇಕಾಗಿದ್ದು ಛಬುವಾ. ಮುಟ್ಟಲಿಲ್ಲ. ನಾನು ಮೂರು ವರ್ಷ ಟೀ ಕುಡಿದು, ಇಂಜಿನ್ ತೊಳೆದು, ಸಂಜೆ ವಾಲಿಬಾಲ್ ಆಡಿದ ಅದೇ ಛಬುವಾ. ಇದನ್ನು ಕೇಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

62 ವರ್ಷ ಅದು ಎಲ್ಲಿದೆ ಅಂತ ಮನೆಯವರಿಗೆ ಗೊತ್ತೇ ಇರಲಿಲ್ಲ. 2006ರಲ್ಲಿ ಕ್ಲೇಟನ್ ಕೂಲ್ಸ್ ಎಂಬ ಅಮೆರಿಕದ ಚಾರಣಿಗ ಅರುಣಾಚಲದ ದಾಮ್ರೋ ಊರಿನ ಮೇಲಿನ ಬೆಟ್ಟದಲ್ಲಿ ಅದನ್ನು ಕಂಡ. ಕಂಡ ಅಂದೆ, ಆದರೆ ದಾರಿ ತೋರಿಸಿದವರು ಅಲ್ಲಿನ ‘ಆದಿ’ ಎಂಬ ಬುಡಕಟ್ಟಿನ ಜನ. ಅವರಿಗೆ ಅದು ಯಾವತ್ತೂ ಕಳೆದುಹೋಗಿರಲಿಲ್ಲ! ಬೇಟೆಗೆ ಹೋದವರು ನೋಡಿದ್ದರು, ಮಕ್ಕಳಿಗೆ ಹೇಳಿದ್ದರು. ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ನೋಡಿ, ಆ ಬೆಟ್ಟಗಳ ಕಡೆ ಬಿದ್ದ ವಿಮಾನಗಳ ತಗಡಿನಿಂದ ಜನ ಪಾತ್ರೆ ಮಾಡಿಕೊಂಡದ್ದೂ ಉಂಟು. ಇಷ್ಟು ವರ್ಷ ಅವರನ್ನು ಕೂತು ಕೇಳಿದವರು ಇರಲಿಲ್ಲ, ಅಷ್ಟೇ.

ನನ್ನ ಮೊದಲ ನಮಸ್ಕಾರ ಛಬುವಾದಲ್ಲಿ ನನ್ನ ಜೊತೆ ಕೆಲಸ ಮಾಡಿದ ಪಾಸಿಘಾಟ್ ಕಡೆಯ ಗೆಳೆಯನಿಗೆ. ಅವನೂ ಆದಿ ಜನದವನೇ. “ನಮ್ಮ ಮುದುಕರನ್ನು ವಿಮಾನ ಎಲ್ಲಿ ಬಿತ್ತು ಅಂತ ಕೇಳಬೇಡ. ಈ ತಗಡು ಯಾವ ಬೆಟ್ಟದಿಂದ ಬಂತು ಅಂತ ಕೇಳು, ಹೇಳ್ತಾರೆ” ಅಂದಿದ್ದ. ನನ್ನ 50 ಶಾಲೆಯ ಪಾಠ ನಿಂತಿರುವುದು ಈ ಒಂದು ಮಾತಿನ ಮೇಲೆ.

31ನೇ ಶಾಲೆ ಆದ ಮೇಲೆ ನನಗೆ ಹೃದಯದ ಆಪರೇಷನ್ ಆಯಿತು. ಏಳು ತಿಂಗಳು ಮನೆಯಲ್ಲೇ ಇದ್ದೆ. ಆಗ ಮಾಸ್ತರರು ಸರದಿಯ ಮೇಲೆ ಫೋನ್ ಮಾಡುತ್ತಿದ್ದರು. “ಸರ್, ಹುಡುಗರು ಕೇಳಾಕತ್ತಾರ, ಯಾವಾಗ ಬರ್ತೀರಿ?” ಅನ್ನುತ್ತಿದ್ದರು. ಅವರಿಗೆಲ್ಲ ನಮಸ್ಕಾರ. ಮತ್ತೆ ಹೊರಟಾಗ ನನ್ನನ್ನು ಒಬ್ಬನನ್ನೇ ಬಿಡದೆ ಪ್ರೊಜೆಕ್ಟರ್ ಚೀಲ ಹೊತ್ತು ಬಂದ ತಮ್ಮನ ಮಗನಿಗೆ, ಮಾತ್ರೆ ಡಬ್ಬಿಯ ಜೊತೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕಳಿಸಿದ ನನ್ನ ಮನೆಯವರಿಗೆ ಏನು ಹೇಳಲಿ. ಫ್ಲೆಕ್ಸ್ ಅಂಗಡಿಯ ಹುಡುಗ ಆ ಬಿ-24 ಚಿತ್ರವನ್ನು ಮೂರು ಸಲ ಮಾಡಿಕೊಟ್ಟು ಒಂದೇ ಸಲದ ದುಡ್ಡು ತಗೊಂಡ. ಅವನಿಗೂ.

ಈಗ ಆಯಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಪಾಠ ಮುಗಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಮನೆಯ ಹಿರಿಯರನ್ನು ಕೇಳಿ, ಊರಲ್ಲಿ ಮೊದಲು ಇದ್ದು ಈಗ ಇಲ್ಲದ ಒಂದು ಜಾಗ ಹುಡುಕಿ ಬನ್ನಿ ಅನ್ನುತ್ತೇನೆ. 44ನೇ ಶಾಲೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ತನ್ನ ಮುತ್ತಜ್ಜಿಯನ್ನು ಕೇಳಿದ್ದಳು. ಊರೆಲ್ಲ ಅವರಿಗೆ ಆಯಿ ಅಂತಲೇ ಕರೆಯುವುದು. ಆಯಿ ಹೇಳಿದ್ದು: “ಪೊಲೀಸ್ ಆ್ಯಕ್ಷನ್ ಆದಾಗ ಇಮಾನ ಬಂದ್ವು. ನಮ್ಮವ್ವ ನಮ್ಮನ್ನ ಬಾವಿ ಮೆಟ್ಟಲದಾಗ ಕುಂದ್ರಸಿದ್ಳು. ಹೆಸರು ಬಿಡಿಸಿ ಆಗಿತ್ತು, ಉದ್ದು ಹೊಲದಾಗ ಇತ್ತು.”

ಉದ್ದು ಹೊಲದಲ್ಲಿದ್ದರೆ ಸೆಪ್ಟೆಂಬರ್. ಸರಿಯಾಗಿಯೇ ಇದೆ ಅಲ್ವಾ? 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೋಲಾಪುರ ಕಡೆಯಿಂದ ಹೈದರಾಬಾದ್ ನಿಜಾಮನ ಸೀಮೆಗೆ ಬಂತು. ಪೊಲೀಸ್ ಆ್ಯಕ್ಷನ್ ಅಂದರೆ ಅದೇ. ನಳದುರ್ಗ, ರಾಜೇಶ್ವರ, ಹುಮನಾಬಾದ್ ದಾರಿಯಲ್ಲೇ ಮುಂದೆ ಹೋಯಿತು. ಮೇಲೆ ವಾಯುಪಡೆಯ ಟೆಂಪೆಸ್ಟ್ ವಿಮಾನಗಳಿದ್ದವು. ತಾರೀಖು ಗೊತ್ತಿಲ್ಲದ ಆಯಿ ಬೆಳೆ ನೋಡಿ ತಿಂಗಳು ಹೇಳಿಬಿಟ್ಟರು.

ಆದರೆ ಯಾವ ಬಾವಿ? ಊರಿನಲ್ಲಿ ಮೆಟ್ಟಿಲಿನ ಬಾವಿಯೇ ಇಲ್ಲ. ಮಕ್ಕಳು ಇನ್ನಿಬ್ಬರು ಹಿರಿಯರನ್ನು ಹುಡುಕಿದರು. ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಿರಿ, ಒಂದೇ ಕಟ್ಟೆ ಮೇಲೆ ಕೂಡಿಸಿ ಕೇಳಬೇಡಿ ಅಂತ ಹೇಳಿದ್ದೆ. ಕೂಡಿಸಿದರೆ ಜೋರು ದನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಒಬ್ಬರು ಹನುಮಂತ ದೇವರ ಗುಡಿಯ ಬೆನ್ನಿಗೆ ಅಂದರು. ಇನ್ನೊಬ್ಬರು ಹಳೆ ಬಂಡಿದಾರಿಯ ಎಡಕ್ಕೆ ಅಂದರು. ಆಯಿ ಅಂದದ್ದು, ಮೆಟ್ಟಿಲ ಮೇಲೆ ಕೂತರೆ ಹೊತ್ತು ಮುಳುಗುವುದು ಎದುರಿಗೇ ಕಾಣುತ್ತಿತ್ತು ಅಂತ. ಮೂರೂ ಮಾತು ಕೂಡಿದ ಜಾಗದಲ್ಲಿ ಬಳ್ಳಾರಿ ಜಾಲಿಯ ದೊಡ್ಡ ಪೊದೆ. ಊರವರು ಅಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದಾರೆ. ಜಾಲಿ ಕಡಿದು, ಕಸ ತೆಗೆದಾಗ ಮೊದಲು ಒಂದು ಕೆತ್ತಿದ ಕಲ್ಲು ಸಿಕ್ಕಿತು. ಆಮೇಲೆ ಒಂದೊಂದಾಗಿ ಐದು ಮೆಟ್ಟಿಲು. ಪಶ್ಚಿಮಕ್ಕೆ ಮುಖ!

ನನಗೆ ಫೋನ್ ಬಂದಾಗ ಸಂಜೆಯಾಗಿತ್ತು. ಆ ಹುಡುಗಿಯ ದನಿ ಕೇಳಿ ನನ್ನ ಕಣ್ಣು ತುಂಬಿತು. ಮರುದಿನವೇ ಹೋದೆ.

ಆಯಿಗೆ ಈಗ ನಡೆಯಲು ಆಗುವುದಿಲ್ಲ. ಹೊರಸಿನ ಮೇಲೆ ಕೂತಿದ್ದರು. ಮೆಟ್ಟಿಲಿನ ಫೋಟೋ ತೋರಿಸಿದರೆ ನೋಡಿದರು, ಹೌದು ಅಂತ ತಲೆ ಆಡಿಸಿದರು. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನಾನು ಹೇಳಿದ ಬೆಟ್ಟದ ವಿಮಾನದ ಕಥೆಯನ್ನು ಮರಿಮೊಮ್ಮಗಳು ಅವರಿಗೆ ಹೇಳಿದ್ದಳು. ಆಯಿ ಅದನ್ನೇ ಕೇಳಿದರು.

“ತಮ್ಮಾ, ಆ ಎಂಟು ಹುಡುಗರು ಮನಿ ಮುಟ್ಟಿದ್ರೇನು?”

ಇದ್ದದ್ದನ್ನು ಹೇಳಿದೆ. 2008ರಲ್ಲಿ ಅಗೆತ ಶುರುವಾಗಿ ನಿಂತಿತು. 2015ರಲ್ಲಿ ಮತ್ತೆ ಶುರುವಾಯಿತು. 2016ರ ಏಪ್ರಿಲ್‌ನಲ್ಲಿ ಸಿಕ್ಕ ಅವಶೇಷವನ್ನು ದೆಹಲಿಯಿಂದ ಗೌರವದಿಂದ ಅಮೆರಿಕಕ್ಕೆ ಕಳಿಸಿಕೊಟ್ಟರು. ರಾಬರ್ಟ್ ಆಕ್ಸ್‌ಫರ್ಡ್ ಎಂಬ 24 ವರ್ಷದ ಲೆಫ್ಟಿನೆಂಟ್‌ನ ಗುರುತು ಸಿಕ್ಕಿತು. 2017ರಲ್ಲಿ ಜಾರ್ಜಿಯಾ ರಾಜ್ಯದ ಕಾಂಕಾರ್ಡ್ ಎಂಬ ತನ್ನ ಊರಿನಲ್ಲೇ ಅವನು ಮಣ್ಣಾದ.

“ಅವನವ್ವ ಇದ್ಳೇನು?”

“ಇಲ್ಲ ಆಯಿ. 73 ವರ್ಷ ಆಗಿತ್ತು.”

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು, ಊಟ ಮಾಡಿ ಹೋಗು ಅಂದರು. ಆಯಿ, ನಿಮಗೆ ನನ್ನ ನಮಸ್ಕಾರ. ಈ 50 ಶಾಲೆಯಲ್ಲಿ ನಾನು ಕಲಿತದ್ದೇ ಜಾಸ್ತಿ. ಅದರಲ್ಲಿ ನಿಮ್ಮಿಂದ ಕಲಿತದ್ದು ಇನ್ನೂ ಜಾಸ್ತಿ.

ಆ ಹುಡುಗಿಗೂ ಅವಳ ಗೆಳತಿಯರಿಗೂ ಹೇಳಬೇಕು. ಕೈಗೆಲ್ಲ ಮುಳ್ಳು ಚುಚ್ಚಿಸಿಕೊಂಡು ಕಲ್ಲು ಹುಡುಕಿದಿರಿ. ನಾನು ಕಥೆ ಹೇಳಿದ್ದೆ, ನೀವು ಮಾಡಿ ತೋರಿಸಿದಿರಿ.

ಬಾವಿಯ ಹೂಳು ಇನ್ನೂ ತೆಗೆಯುವುದಿದೆ. ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ಗುಡಿಯ ಹಿಂದೆ ಸೇರುತ್ತೇವೆ. ನನಗೆ ಡಾಕ್ಟರ್ ಭಾರ ಎತ್ತಬೇಡಿ ಅಂದಿದ್ದಾರೆ, ನೀರು ಹಂಚುವುದು ನನ್ನ ಕೆಲಸ. ಬರುವವರು ಸಲಿಕೆ, ಬುಟ್ಟಿ ತನ್ನಿ. ಆಯಿಯನ್ನು ಆಟೋದಲ್ಲಿ ಕರೆದುಕೊಂಡು ಬರುತ್ತಾರಂತೆ.