ವಿದೇಶಾಂಗ ಸಚಿವರಿಗೆ ಬಹಿರಂಗ ಪತ್ರ: ಕಾಂಗೋ ಹೆಣ್ಮಕ್ಳಿಗೆ ಆ 28 ದಿನದ ಮಾತ್ರೆ ಕಳಿಸಿ ಸರ್

ಮಾನ್ಯ ಜೈಶಂಕರ್ ಸರ್, ನಮಸ್ಕಾರ.

ನಾನು ದಾವಣಗೆರೆ ಕಡೆ ಒಂದು ಆಸ್ಪತ್ರೇಲಿ ಸ್ಟಾಫ್ ನರ್ಸ್. ಒಂದ್ಸಲ ನೈಟ್ ಡ್ಯೂಟೀಲಿ ಎಚ್ಐವಿ ಇದ್ದ ಪೇಷಂಟ್‌ಗೆ ಚುಚ್ಚಿದ ಸೂಜಿ ನನ್ನ ಬೆರಳಿಗೆ ಚುಚ್ಕೊಳ್ತು. ಗಂಟೆ ಒಳಗೆ ಪೆಪ್ ಮಾತ್ರೆ, ಅಂದ್ರೆ ಎಚ್ಐವಿ ಅಂಟದಂತೆ ತಡೆಯೋ ಮಾತ್ರೆ, ಕೈಗೆ ಬಂತು, 28 ದಿನ ತಗೊಂಡೆ, ರಿಪೋರ್ಟ್ ನೆಗೆಟಿವ್ ಬರೋವರೆಗೂ ಸರಿಯಾಗಿ ನಿದ್ದೆ ಮಾಡ್ಲಿಲ್ಲ. ಈ ಮಾತ್ರೆ 72 ಗಂಟೆ ಒಳಗೆ ಶುರು ಮಾಡ್ಬೇಕು, ತಡ ಆದ್ರೆ ಕೊಟ್ಟೂ ಉಪಯೋಗ ಇಲ್ಲ.

ಪೂರ್ವ ಕಾಂಗೋದಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಮಕ್ಳಿಗೆ ಆ 72 ಗಂಟೇನೇ ಸಿಗ್ತಿಲ್ಲ ಸರ್. 2025ರ ಜನವರಿ ಕೊನೇಲಿ ರುವಾಂಡಾ ಬೆಂಬಲದ ಎಂ23 ಅನ್ನೋ ಗುಂಪಿನ ಬಂಡುಕೋರರು ಅಲ್ಲಿನ ಗೋಮಾ ನಗರ ಹಿಡಿದ್ರು, ಫೆಬ್ರವರೀಲಿ ಬುಕಾವು ನಗರ. ಮೊದಲೇ ಊರು ಬಿಟ್ಟು ಗೋಮಾ ಸುತ್ತ ಟಾರ್ಪಾಲ್ ಕೆಳಗೆ ಬದುಕ್ತಿದ್ದ ಲಕ್ಷಾಂತರ ಜನ ಮತ್ತೆ ಗಂಟುಮೂಟೆ ಕಟ್ಬೇಕಾಯ್ತು, ಸೌದೆ ತರೋಕೆ ಹೋದ ಹೆಂಗಸಿನ ಮೇಲೆ ದಾಳಿ ಮಾಡೋರು ಬಂಡುಕೋರರು ಮಾತ್ರ ಅಲ್ಲ, ಸರ್ಕಾರದ ಪರ ಬಂದೂಕು ಹಿಡಿದೋರೂ ಇದಾರೆ. ಅಲ್ಲಿಂದ ಆಸ್ಪತ್ರೆಗೆ ನಡೀಬೇಕು, ದಾರೀಲಿ ಚೆಕ್‌ಪೋಸ್ಟು, ತಲುಪೋಷ್ಟ್ರಲ್ಲಿ ಎಷ್ಟು ದಿನ ಆಗಿರುತ್ತೆ? ತಲುಪಿದ್ರೂ, ಅದೇ ವರ್ಷ ಅಮೆರಿಕ ನೆರವು ಕಡಿತ ಮಾಡಿದ್ಮೇಲೆ ಈ ಮಾತ್ರೆ ಇರೋ ಕಿಟ್‌ಗಳೇ ಕೊರತೆ.

ಆಫ್ರಿಕಾದ ಎಚ್ಐವಿ ರೋಗಿಗಳು ತಗೊಳೋ ಮಾತ್ರೆ ಬಹುಪಾಲು ನಮ್ಮ ದೇಶದಲ್ಲೇ ತಯಾರಾಗೋದು. ಬುಕಾವುನಲ್ಲಿ ಡಾಕ್ಟರ್ ಡೆನಿಸ್ ಮುಕ್ವೇಗೆ ಕಟ್ಟಿದ ಪಾಂಜಿ ಆಸ್ಪತ್ರೆ ಇದೆ, 1999ರಿಂದ ಇಂಥ ಹೆಂಗಸರಿಗೆ ಆಪರೇಷನ್ ಮಾಡ್ತಿದೆ, ಅವ್ರಿಗೆ 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿನೂ ಬಂತು. ಅಲ್ಲಿಗೆ, ಗೋಮಾ ಕ್ಲಿನಿಕ್‌ಗಳಿಗೆ, ಹಳ್ಳಿ ಆರೋಗ್ಯ ಕೇಂದ್ರಗಳಿಗೂ ಭಾರತ ನೇರವಾಗಿ ಕಿಟ್ ಕೊಡ್ಬಹುದಲ್ವಾ?

ನಮ್ಮ ಸೈನಿಕರು ವರ್ಷಗಳಿಂದ ಅಲ್ಲಿ ಶಾಂತಿಪಾಲನೆ ಮಾಡ್ತಿದಾರೆ. ಗೋಮಾ ಇರೋ ಉತ್ತರ ಕಿವು ಪ್ರಾಂತ್ಯದಲ್ಲಿ ಹೆಣ್ಮಕ್ಳ ಜೊತೆ ಕೆಲಸ ಮಾಡಿದ ಮೇಜರ್ ರಾಧಿಕಾ ಸೇನ್ ಅವ್ರಿಗೆ 2024ರಲ್ಲಿ ವಿಶ್ವಸಂಸ್ಥೆ ಪ್ರಶಸ್ತಿ ಕೊಟ್ಟಾಗ ನಾವೆಲ್ಲ ಹೆಮ್ಮೆ ಪಟ್ವಿ. ಹೆಂಗಸರು ಹೆಂಗಸರ ಹತ್ರಾನೇ ಬಾಯಿಬಿಡೋದು, ವಾರ್ಡಲ್ಲಿ ನಾನೂ ದಿನಾ ನೋಡ್ತೀನಿ, ಅದಕ್ಕೇ ಅಂಥ ಇನ್ನಷ್ಟು ಹೆಣ್ಮಕ್ಳನ್ನ ಕಳಿಸಿ.

ಇನ್ನೊಂದು ಮಾತು. 2009ರ ಮಾರ್ಚ್ 23ಕ್ಕೆ ಆದ ಶಾಂತಿ ಒಪ್ಪಂದದ ಹೆಸರನ್ನೇ ಈ ಎಂ23 ಇಟ್ಕೊಂಡಿರೋದು. ಆಗ ಬಂಡುಕೋರರನ್ನ ಸೀದಾ ಸೈನ್ಯಕ್ಕೆ ಸೇರಿಸ್ಕೊಂಡ್ರು, ಮೂರೇ ವರ್ಷಕ್ಕೆ ಅವ್ರಲ್ಲೇ ಎಷ್ಟೋ ಜನ ಮತ್ತೆ ದಂಗೆ ಎದ್ರು. 2025ರ ಜೂನ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಕಾಂಗೋ, ರುವಾಂಡಾ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿವೆ, ದೋಹಾದಲ್ಲೂ ಕಾಂಗೋ ಸರ್ಕಾರ, ಎಂ23 ನಡುವೆ ಮಾತುಕತೆ ಆಗಿದೆ. ಅತ್ಯಾಚಾರ ಮಾಡ್ದೋರಿಗೆ ಈ ಸಲ ಕ್ಷಮಾದಾನ ಬೇಡ, ಯೂನಿಫಾರಂ ಅಂತೂ ಬೇಡ್ವೇ ಬೇಡ ಅಂತ ಭಾರತ ಎರಡೂ ದೇಶಗಳಿಗೆ ಬಾಯಿಬಿಟ್ಟು ಹೇಳ್ಬೇಕು ಸರ್. ಮಾತ್ರೆ ಮಾತ್ರ ಒಪ್ಪಂದಕ್ಕೆ ಕಾಯ್ಬಾರ್ದು, ಅದನ್ನ ಈ ತಿಂಗಳೇ ಕಳಿಸಿ.

ಇಂತಿ,
ಒಬ್ಬ ನರ್ಸ್